ನೀಲವ್ವನ ಜೊತೆ ದವಾಖಾನೆಗೆ

ನಮ್ಮ ಯಜಮಾನರಿಗೆ ಮೊದಲು ಕಾಲು ಜುಮುಗುಟ್ಟಿತು. ಮೀನಖಂಡದಲ್ಲಿ ನಾಯಿ ಕಚ್ಚಿದ್ದ ಜಾಗ. ಗಾಯ ಮಾಯ್ದು ತಿಂಗಳುಗಳೇ ಆಗಿದ್ದವು, ನಾವು ಅದನ್ನು ಮರೆತೇ ಬಿಟ್ಟಿದ್ದೆವು. ಅವರು ಗೌಂಡಿ. ಬಬಲೇಶ್ವರದಲ್ಲಿ ಮನೆಯೊಂದರ ಗೋಡೆ ಕಟ್ಟುತ್ತಿದ್ದವರು ಅರ್ಧಕ್ಕೇ ಬಿಟ್ಟು ತಿಕೋಟಾಕ್ಕೆ ಬಂದು ಮಲಗಿದರು. ಮೈ ಸುಡುತ್ತಿತ್ತು. ಸಂಜೆ ನೀರು ಕೊಟ್ಟೆ. ತಂಬಿಗೆ ಬಾಯಿಯ ಹತ್ತಿರ ಬರುತ್ತಲೇ ಗಂಟಲು ಹಿಡಿದುಕೊಂಡಿತು. ತಂಬಿಗೆಯನ್ನು ಎಸೆದುಬಿಟ್ಟರು.

ಬಾಯಾರಿಕೆ ಇತ್ತು. ಕುಡಿಯಲಾಗಲಿಲ್ಲ.

ಮರುದಿನ ಬಿಜಾಪುರದ ದವಾಖಾನೆಗೆ ಹೊರಟೆವು. ಬಸ್ಸಿನ ಕಿಟಕಿಯಿಂದ ಗಾಳಿ ಬಡಿದಾಗಲೂ ಅವರ ಕುತ್ತಿಗೆ ಸೆಟೆದುಕೊಳ್ಳುತ್ತಿತ್ತು. ಯಾವ ನಾಯಿ, ಅದು ಬದುಕಿದೆಯೇ ಎಂದು ಡಾಕ್ಟರು ಕೇಳಿದರು. ಪಕ್ಕದ ಮನೆಯ ನೀಲವ್ವನ ನಾಯಿ ಎಂದೆ. ಕಚ್ಚಿದಾಗಲೇ ತಿಕೋಟಾದ ಡಾಕ್ಟರು ಹೇಳಿದ್ದರು: ನಾಯಿಯ ಮೇಲೆ ಕಣ್ಣಿಡಿ, ಅದು ಸತ್ತರೆ ತಕ್ಷಣ ಹೊಟ್ಟೆಗೆ ಇಂಜೆಕ್ಷನ್ ಹಾಕಿಸಬೇಕು. ನಾನು ದಿನಾ ನೀಲವ್ವನನ್ನು ಕೇಳಿದ್ದೆ. ಹೊಲದಲ್ಲಿ ಕಟ್ಟಿದ್ದೇನೆ, ಗಟ್ಟಿಮುಟ್ಟಾಗಿದೆ ಎಂದೇ ಹೇಳಿದ್ದಳು.

ಡಾಕ್ಟರು ನನ್ನನ್ನು ಹೊರಗೆ ಕರೆದರು.

"ರೇಬೀಸ್ ಆಗೇತವ್ವಾ. ಇನ್ನ ನಮ್ಮ ಕೈಯಾಗ ಏನೂ ಇಲ್ಲ."

ಅವರನ್ನು ವಾರ್ಡಿನ ಕೊನೆಯ ಕೋಣೆಯಲ್ಲಿಟ್ಟರು. ಕಿಟಕಿ ಮುಚ್ಚಿದರು. ಕೈಕಾಲು ಮಂಚಕ್ಕೆ ಕಟ್ಟಿದರು. ಕಟ್ಟಿದ್ದು ಅವರಿಗೆ ತಿಳಿಯುತ್ತಿತ್ತು. ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ನಡುನಡುವೆ ಪೂರ್ತಿ ಎಚ್ಚರ ಬಂದು, ನಿನಗೂ ತಗಲೀತು, ಹತ್ತಿರ ಬರಬೇಡ ಎಂದು ನನ್ನನ್ನೇ ತಡೆಯುತ್ತಿದ್ದರು. ಜೊಲ್ಲು ಸೋರುತ್ತಿತ್ತು. ಊಟ ತರುವವನು ಹೊಸ್ತಿಲಲ್ಲೇ ತಟ್ಟೆ ಇಟ್ಟು ಹೋಗುತ್ತಿದ್ದ. ನಾವು ಕ್ರೈಸ್ತರು, ಪ್ರಾರ್ಥನೆಯಿಲ್ಲದೆ ತುತ್ತು ಎತ್ತಿದವಳಲ್ಲ ನಾನು. ಆ ಬಾಗಿಲಲ್ಲಿ ನಿಂತಾಗ ಪ್ರಾರ್ಥನೆಯ ಒಂದು ಮಾತೂ ಬರಲಿಲ್ಲ. ಬಂದದ್ದು ದೇವರಿಗೆ ಬೈಗುಳ. ಅವನು ನಮ್ಮನ್ನು ಕೈಬಿಟ್ಟಿದ್ದಾನೆ ಅನ್ನಿಸಿತು.

ಅಲ್ಲಿ ಮಾರ್ತಾ ಎಂಬ ವಯಸ್ಸಾದ ನರ್ಸ್ ಇದ್ದರು. ಗ್ಲೌಸ್ ಹಾಕಿಕೊಂಡು ಒಳಗೆ ಹೋಗಿ ಕುಳಿತರು. ಬಾಯಿ ಒರೆಸಿದರು. ಹಣೆಯ ಮೇಲೆ ಕೈ ಇಟ್ಟರು. ನಮ್ಮವರು ಚೀರಿದರೂ, ಉಗುಳಿದರೂ ಜಾಗ ಬಿಡಲಿಲ್ಲ. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ.

"ಆಗ್ತೈತಿ," ಅಂದರು. "ನನ್ನ ಗಂಡ ಸತ್ತಾಗ ನಾ ದೇವರಿಗೆ ಬಾಯಿಗೆ ಬಂದಂಗ ಬೈದಿದ್ನಿ. ಅಂವ ನನ್ನ ಬಿಟ್ಟು ಹೋಗಲಿಲ್ಲ ಯವ್ವಾ. ಈಗ ನಾ ಇವರನ್ನ ಹೆಂಗ ಬಿಟ್ಟು ಹೋಗ್ಲಿ?"

ನಾನೂ ಗ್ಲೌಸ್ ಹಾಕಿಕೊಂಡು ಇನ್ನೊಂದು ಪಕ್ಕ ಕುಳಿತೆ. ಪವಾಡವೇನೂ ಆಗಲಿಲ್ಲ. ಅವರ ಸಂಕಟ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೆ ಯಾರೂ ಕಾಲಿಡಲು ಒಲ್ಲದ ಆ ಕೋಣೆಗೆ ಯೇಸು ನನಗಿಂತ ಮೊದಲೇ ಬಂದು ಕುಳಿತಿದ್ದಾನೆ, ಬೈದವಳನ್ನೂ ಪಕ್ಕಕ್ಕೆ ಕರೆದುಕೊಂಡಿದ್ದಾನೆ ಎಂದು ನನಗೆ ತಿಳಿಯಿತು. ಹೇಗೆ ತಿಳಿಯಿತು ಎಂದು ಕೇಳಿದರೆ ಹೇಳಲಾರೆ.

ಬೆಳಿಗ್ಗೆ ಅವರು ತೀರಿಕೊಂಡರು.

ಮಣ್ಣು ಮಾಡಿ ಬಂದ ವಾರದಲ್ಲಿ ನೀಲವ್ವ ನಮ್ಮ ಬಾಗಿಲಿಗೆ ಬಂದಳು. ಗಂಡನಿಲ್ಲದವಳು, ಮೈದುನರ ಮನೆಯಲ್ಲಿದ್ದವಳು. ನಾಯಿ ನಮ್ಮವರನ್ನು ಕಚ್ಚಿದ ಆ ವಾರವೇ ಸತ್ತಿತ್ತಂತೆ. ಊರವರು ಮೈಮೇಲೆ ಏರಿ ಬರುತ್ತಾರೆಂದು ಹೆದರಿ, ಹೊಲದಲ್ಲಿ ಹೂತು ಸುಮ್ಮನಾಗಿದ್ದಳಂತೆ. ಸಾಯುವ ಮೊದಲು ಅದು ಅವಳ ಬೆರಳನ್ನೂ ಕಚ್ಚಿತ್ತು. ಅದು ಗೊತ್ತಾಗಿ ಮೈದುನರು ಅವಳನ್ನು ದನದ ಕೊಟ್ಟಿಗೆಗೆ ಹಾಕಿದ್ದರು.

"ಯಕ್ಕಾ, ನಿನ್ನ ಗಂಡನ್ನ ನಾನ ಕೊಂದೇನಿ," ಅಂದಳು. "ನಾನೂ ಹಂಗ ಸಾಯ್ತೀನೇನು?"

ಸಾಯಿ ಎಂಬ ಮಾತು ನಾಲಗೆಯ ತುದಿಗೆ ಬಂತು. ಬಾಗಿಲು ಹಾಕಿಕೊಂಡೆ.

ಅವಳು ಹೋಗಲಿಲ್ಲ. ಹೊರಗೆ ಅಳುವುದು ಕೇಳುತ್ತಿತ್ತು. ನಾನು ನೆಲದ ಮೇಲೆ ಕುಳಿತೆ. ದವಾಖಾನೆಯ ಆ ಕೋಣೆ ಕಣ್ಣ ಮುಂದೆ ಬಂತು, ಮಂಚದ ಮೇಲೆ ನೀಲವ್ವ, ಪಕ್ಕದಲ್ಲಿ ಯಾರೂ ಇಲ್ಲ. ಅಲ್ಲಿ ನನಗೆ ಸಿಕ್ಕ ಪ್ರೀತಿ ನನ್ನ ಯೋಗ್ಯತೆ ನೋಡಿ ಬಂದದ್ದಲ್ಲ. ಅದು ನಿನಗಿಲ್ಲ ಎಂದು ಇವಳಿಗೆ ಹೇಳಲು ನಾನು ಯಾರು?

ಬಾಗಿಲು ತೆರೆದೆ. "ಏಳು. ಬಿಜಾಪುರಕ್ಕ ಹೋಗೂಣು," ಅಂದೆ.

ತಡವಾಗಿದೆ, ಆದರೂ ಇಂಜೆಕ್ಷನ್ ಹಾಕೋಣ, ಖಾತ್ರಿ ಕೊಡಲಾರೆ ಎಂದರು ಡಾಕ್ಟರು. ದಿನಾ ಇಬ್ಬರೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇವೆ. ಅವಳು ಮಲಗುವುದು ನಮ್ಮ ಮನೆಯಲ್ಲೇ. ನಮ್ಮ ಚರ್ಚಿನ ಸಭೆಯ ಕೆಲವರಿಗೂ ಇದು ಸರಿ ಕಂಡಿಲ್ಲ. ನನಗೂ ಒಂದೊಂದು ದಿನ ಅವಳ ಮುಖ ಕಂಡರೆ ಮೈಯೆಲ್ಲ ಉರಿಯುತ್ತದೆ. ಕ್ಷಮಿಸಿದ್ದೇನೆ ಎಂದರೆ ಸುಳ್ಳಾಗುತ್ತದೆ. ಕ್ಷಮಿಸುವ ಶಕ್ತಿ ಕೊಡು ಎಂದು ಬೇಡುತ್ತೇನೆ. ಬೇಡಲು ಮತ್ತೆ ಬಾಯಿ ಬಂದಿದೆ, ಸದ್ಯಕ್ಕೆ ಅಷ್ಟಕ್ಕೇ ದೇವರಿಗೆ ಸ್ತೋತ್ರ.

ಅವಳು ಉಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಇಂದು ಮಧ್ಯಾಹ್ನ ಇಂಜೆಕ್ಷನ್ನಿನಿಂದ ಹೊಟ್ಟೆ ಬಾತುಕೊಂಡು ನರಳುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಶಾಖ ಕೊಟ್ಟೆ. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ಒಲೆಯ ಮೇಲೆ ಬೇಳೆ ಉಕ್ಕುವ ಸದ್ದಾಯಿತು.

ನಾನು ಏಳಲಿಲ್ಲ.