ಮಾದಣ್ಣನ ಕೆಮ್ಮು

ಚಾಮರಾಜನಗರದ ಕಂಪನಿಯೊಂದಕ್ಕೆ ಟ್ರೈನಿ ಎಂಜಿನಿಯರ್ ಆಗಿ ಸೇರಿದ್ದ ನಾನು, ಹದಿನೆಂಟು ವರ್ಷದ ನಂತರ ಅದಕ್ಕೇ ಮುಖ್ಯಸ್ಥೆಯಾಗಿದ್ದ ಹೊಸತು. ಅರಿಶಿನ ಪಾಲಿಶ್ ಮಾಡುವ ಯಂತ್ರ ತಯಾರಿಸುವ ಕಂಪನಿ ಅದು. ಕುರ್ಚಿ ಸಿಕ್ಕಿದ್ದೇ ತಡ, ಎಲ್ಲವನ್ನೂ ಬದಲಾಯಿಸುವ ಹುರುಪು ನನಗೆ! ‘ಇಲ್ಲಿ ಸಾರ್ ಇಲ್ಲ, ಮೇಡಂ ಇಲ್ಲ. ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು’ ಎಂದು ಬಾಗಿಲಲ್ಲೇ ಬೋರ್ಡ್ ಹಾಕಿಸಿದೆ. ನನ್ನ ಮುಂದೆ ಬಾಯಿ ಬಿಡಲು ಯಾರೂ ಹೆದರಬಾರದು ಎಂಬುದಷ್ಟೇ ನನ್ನ ಆಸೆ.

ಆದರೆ ನಮ್ಮ ಕಡೆ ಮೇಲಿನವರ ಹೆಸರು ಹಿಡಿದು ಕರೆಯುವುದೆಂದರೆ ಜಗಳಕ್ಕೆ ನಿಂತ ಹಾಗೆ. ಜನ ಏನು ಮಾಡಿದರು ಗೊತ್ತೇ? ಕರೆಯುವುದನ್ನೇ ಬಿಟ್ಟರು! ಹತ್ತಿರ ಬಂದು ಕೆಮ್ಮುವುದು, ನಾನು ತಿರುಗಿದ ಮೇಲೆ ಮಾತು ಶುರು ಮಾಡುವುದು. ಹಿರಿಯ ಫಿಟ್ಟರ್ ಮಾದಣ್ಣನಂತೂ ದಿನವಿಡೀ ಕೆಮ್ಮುತ್ತಿದ್ದರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರೇ ಅವರು.

“ಮಂಜುಳ ಅನ್ನಿ ಮಾದಣ್ಣ,” ಎಂದು ಒಮ್ಮೆ ಪೀಡಿಸಿದೆ.

“ನಾಲ್ಗೆ ಏಳಲ್ಲ, ಬುಡಿ,” ಎಂದು ಹೋಗೇಬಿಟ್ಟರು. ನಾನು ಮಾತ್ರ ಅವರನ್ನು ಅಣ್ಣ ಎನ್ನುವುದು ಬಿಟ್ಟಿರಲಿಲ್ಲ. ಅದು ನನಗೆ ಹೊಳೆಯಲೂ ಇಲ್ಲ.

ಒಂದು ದಿನ ಬೇಗೂರಿನಲ್ಲಿ ರೈತರಿಗೆ ಹೊಸ ಯಂತ್ರ ಓಡಿಸಿ ತೋರಿಸುತ್ತಿದ್ದೆವು. ಒಳಗಿನದು ಕಾಣಲೆಂದು ಬೆಲ್ಟಿನ ಮುಚ್ಚಳ ತೆಗೆಸಿದ್ದೆ. ಅದಕ್ಕೇ ಬೆನ್ನು ಹಾಕಿ ನಿಂತು ರೈತರೊಬ್ಬರ ಪ್ರಶ್ನೆಗೆ ಉತ್ತರಿಸುತ್ತಿದ್ದೆ. ಗಾಳಿಗೆ ಸೆರಗು ಹಾರುತ್ತಿತ್ತು. ಅದನ್ನು ಕಂಡು ಮಾದಣ್ಣ ಎರಡು ಸಲ ಕೆಮ್ಮಿದರಂತೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು!

“ಏ ಕೂಸೂ! ಸೆರ್ಗು!”

ನಾನು ತಿರುಗುವಷ್ಟರಲ್ಲಿ ಅವರು ಓಡಿ ಸ್ವಿಚ್ ಆರಿಸಿದ್ದರು. ಬೆಲ್ಟಿಗೆ ಸಿಕ್ಕ ಸೆರಗಿನ ತುದಿ ಚಿಂದಿಯಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ನಾನಿರುತ್ತಿರಲಿಲ್ಲ.

ಮಾದಣ್ಣ ಕೈಮುಗಿದರು. “ತಪ್ಪಾಯ್ತು. ಜನುದ್ ಮುಂದೆ ಕೂಸು ಅಂದ್ಬುಟ್ಟೆ. ಬೇಜಾರ್ ಮಾಡ್ಕಬ್ಯಾಡಿ.”

ಜೀವ ಉಳಿಸಿದವರು ನನ್ನ ಕ್ಷಮೆ ಕೇಳುತ್ತಿದ್ದರು! ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೆದರಿಕೆ ಬಿಡಿಸುತ್ತೇನೆಂದು ಹೊರಟವಳು ಎಲ್ಲರ ಬಾಯಿಗೂ ಬೀಗ ಜಡಿದಿದ್ದೆ.

“ಟ್ರೈನಿಯಾಗಿದ್ದಾಗ ಹಾಗೇ ಕರೀತಿದ್ರಲ್ಲ ಮಾದಣ್ಣ, ಯಾಕೆ ಬಿಟ್ರಿ?” ಎಂದು ಅತ್ತುಬಿಟ್ಟೆ.

“ನೀವು ದೊಡ್ಡೋರಾದ್ರಲ್ಲ,” ಎಂದರು.

ಮರುದಿನವೇ ಬೋರ್ಡ್ ಇಳಿಸಿ, ‘ನಿಮಗೆ ಹೇಗೆ ಬರುತ್ತೋ ಹಾಗೆ ಕರೀರಿ, ಆದರೆ ಕರೀರಿ’ ಎಂದೆ. ಕೆಮ್ಮು ನಿಂತಿತು.

ಮಾದಣ್ಣ ನಿವೃತ್ತರಾಗಿ ಗುಂಡ್ಲುಪೇಟೆಯಲ್ಲಿ ಮಗಳ ಮನೆ ಸೇರಿದ್ದಾರೆ. ಇಲ್ಲಿ ನನ್ನನ್ನು ಮೇಡಂ, ಅಕ್ಕ, ಅವ್ವ ಎನ್ನುವವರು ಬೇಕಾದಷ್ಟಿದ್ದಾರೆ. ಕೂಸು ಎನ್ನುವವರು ಯಾರೂ ಇಲ್ಲ. ಹಾಗೊಮ್ಮೆ ಕರೆಸಿಕೊಳ್ಳಲು ಎಷ್ಟು ಆಸೆಯಾಗುತ್ತದೆಂದು ಈ ಕುರ್ಚಿಯಲ್ಲಿ ಕುಳಿತು ಯಾರಿಗೆ ಹೇಳಲಿ?