ಮಾಂಗಾ ಹುಡುಗಿಯ ಕೂದಲು, ನಮ್ಮ ಆಯಿಯ ಹಣಿಗೆ

ಇವತ್ತು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಮಗಳು ಫೋನ್ ನೋಡಿಕೊಂಡು ಮಾಂಗಾ ಎಂಬ ಜಪಾನಿ ಚಿತ್ರಕಥೆಗಳ ಹುಡುಗಿಯ ಚಿತ್ರ ಬಿಡಿಸುತ್ತಿದ್ದಳು. ಒಂದೊಂದೇ ಕೂದಲು ಗೀಚಿ ಗೀಚಿ ತಲೆ ಕಸಬರಿಗೆಯಂತಾಯಿತು. ಸಿಟ್ಟಿಗೆ ಹಾಳೆ ಹರಿಯಲು ಹೊರಟಳು.

ನನಗೆ ನಾನು ಬೆಳೆದ ಕಮಲಾಪುರದ ಮನೆಯ ಕಟ್ಟೆ, ಕೊಬ್ಬರಿ ಎಣ್ಣೆಯ ವಾಸನೆ ನೆನಪಾದವು. ನಮ್ಮ ಆಯಿ, ಅಂದರೆ ಅಜ್ಜಿ, ನನ್ನನ್ನು ಮೊಣಕಾಲ ನಡುವೆ ಅಮುಕಿ ಕೂರಿಸಿಕೊಂಡು ಹೆರಳು ಹಾಕುತ್ತಿದ್ದಳು. ಒಮ್ಮೆ ಗೊಂಬೆಗೆ ಜಡೆ ಹಾಕಲು ಬಾರದೆ ನಾನು ಅತ್ತಾಗ, ರಿಬ್ಬನ್ ಹಲ್ಲಲ್ಲಿ ಕಚ್ಚಿಕೊಂಡೇ ಗದರಿದ್ದಳು: "ಒಂದೊಂದೇ ಕೂದಲಾ ಹಿಡದ್ರ ಹೊತ್ತು ಮುಣಗ್ತದವ್ವಾ. ಮೊದಲ ಪಾಲು ಮಾಡಕೋ."

ಆಯಿ ಹೆರಳು ಹಾಕುತ್ತಿದ್ದ ಕಥೆಯ ಜೊತೆ ಆ ಮಾತನ್ನೇ ಮಗಳಿಗೆ ಹೇಳಿದೆ. ಅವಳು ಕೂದಲನ್ನು ದಪ್ಪ ದಪ್ಪ ಗೊಂಚಲುಗಳಾಗಿ ಬಿಡಿಸಿದಳು. ಚಿತ್ರದ ಹುಡುಗಿಗೆ ಗಾಳಿ ಬೀಸಿದಂತಾಯಿತು.

ಎಣ್ಣೆ, ಹಣಿಗೆ ಕಂಡರೆ ಓಡುವ ಮಗಳು ತಾನೇ ಎರಡನ್ನೂ ತಂದಳು. "ಮಮ್ಮಿ, ಆಯಿ ನಿನಗ ಹೆರಳು ಹಾಕಿದಂಗ ನನಗ ಹಾಕು" ಎಂದು ನನಗೆ ಬೆನ್ನು ಮಾಡಿ ಕೂತಳು.