ಭಾಗ್ಯಳ ಹಿತ್ತಲ ಮಣ್ಣು

ಕೊರೋನಾ ಕಳೆದ ಮರುವರ್ಷ ನಾನು ನಂಜನಗೂಡಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ ನೋಡಿಕೊಳ್ಳುವ ಕೃಷಿ ಅಧಿಕಾರಿಯಾಗಿದ್ದೆ. ನಮ್ಮಲ್ಲಿಗೆ ಬರುತ್ತಿದ್ದುದು ಹೆಚ್ಚಾಗಿ ಗದ್ದೆ, ಬಾಳೆ ತೋಟಗಳ ಮಣ್ಣು. ಒಂದು ಮಧ್ಯಾಹ್ನ ತಿ. ನರಸೀಪುರದ ಕಡೆಯ ಹಳ್ಳಿಯಿಂದ ಭಾಗ್ಯ ಎಂಬ ಹೆಂಗಸು ಒಬ್ಬಳೇ ಬಂದಳು. ಕೈಯಲ್ಲಿ ಹಿತ್ತಲಿನ ಮಣ್ಣು ತುಂಬಿದ ಕವರಿತ್ತು.

ಬದನೆ, ಟೊಮೆಟೊ, ಬೀನ್ಸ್ ಏನು ಹಾಕಿದರೂ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರುಳಿದು, ಗಿಡ ಒಣಗಿಹೋಗುತ್ತಿತ್ತಂತೆ. ಅಷ್ಟೇ ಆಗಿದ್ದರೆ ಅವಳು ಅಷ್ಟು ದೂರ ಬರುತ್ತಿರಲಿಲ್ಲ. ಅದೇ ವರ್ಷ ಎರಡು ಬಾರಿ ಅವಳಿಗೆ ಗರ್ಭಪಾತವಾಗಿತ್ತು. ಅತ್ತೆ ಗೌರಮ್ಮ ಎರಡನ್ನೂ ಸೇರಿಸಿ, ಈ ಕೈ ಮುಟ್ಟಿದ್ದು ಉಳಿಯುವುದಿಲ್ಲ ಎಂದುಬಿಟ್ಟಿದ್ದರು. ಹಾಲಿನ ಪಾತ್ರೆ, ದೇವರ ದೀಪ ಮುಟ್ಟಗೊಡುತ್ತಿರಲಿಲ್ಲ. ಬರುವ ಸೋಮವಾರ ಅವಳನ್ನು ತವರಿಗೆ ಬಿಟ್ಟುಬರುವುದೆಂದು ತೀರ್ಮಾನವಾಗಿತ್ತು. ಗಂಡ ಬಾಯಿ ಬಿಟ್ಟಿರಲಿಲ್ಲ.

ಇಷ್ಟು ಹೇಳಿ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. “ಮಣ್ಣು ನೋಡ್ದಂಗೆ ಕೈನೂ ನೋಡಕ್ಕಾಯ್ತದಾ ಮೇಡಂ? ಇದ್ರಲ್ಲೇ ಏನಾರ ಐತಾ ಅಂತ.”

ಅವಳನ್ನು ಕೂರಿಸಿ ನೀರು ಕೊಟ್ಟೆ.

ಪಿಎಚ್ ಎಂದರೆ ಮಣ್ಣಿನ ಹುಳಿ, ಕ್ಷಾರಗಳ ಅಳತೆ. ಏಳು ಎಂದರೆ ಸಮ; ತರಕಾರಿಗೆ ಅದರ ಆಸುಪಾಸು ಹಿತ. ಅವಳ ಮಣ್ಣು ಎಂಟೂವರೆ ತೋರಿಸಿತು. ಅಷ್ಟು ಕ್ಷಾರವಾದರೆ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರು ಹೀರಲಾರದು, ಎಲೆ ಬಿಳಿಚುತ್ತದೆ. ಹಿತ್ತಲಿಗೆ ಏನಾದರೂ ಸುರಿದಿದ್ದೀರಾ ಎಂದು ಕೇಳಿದೆ. ಹಳೇ ಮನೆ ಕೆಡವಿದಾಗಿನ ಗೋಡೆ ಮಣ್ಣು ಎಂದಳು.

ಮಾರನೆಯ ದಿನವೇ ಅವರ ಮನೆಗೆ ಹೋದೆ. ಗೋಡೆ ಮಣ್ಣು ಒಳ್ಳೆಯ ಗೊಬ್ಬರವೆಂದು ಅದನ್ನು ಹರಡಿದವರು ಮಾವ ಮಾದಪ್ಪ. ಬರೀ ಮಣ್ಣಿನ ಗೋಡೆಯಾಗಿದ್ದರೆ ಆ ಮಾತು ನಿಜ. ಈ ಗೋಡೆಗೆ ಸುಣ್ಣದ ಗಾರೆ ಇತ್ತು; ಮಣ್ಣನ್ನು ಕ್ಷಾರ ಮಾಡಿದ್ದು ಆ ಸುಣ್ಣವೇ. ಎಲ್ಲರನ್ನೂ ಹಿತ್ತಲಿಗೆ ಕರೆದು, ಜೊತೆಗೆ ಒಯ್ದಿದ್ದ ನೀರು ಬೆರೆಸಿದ ಆಮ್ಲವನ್ನು ಪಾತಿಗೆ ತೊಟ್ಟಿಕ್ಕಿದೆ. ಮಣ್ಣು ಬುರುಬುರು ನೊರೆಗಟ್ಟಿತು. ಗಾರೆ ಬೀಳದ ಕರಿಬೇವಿನ ಬುಡದಲ್ಲಿ ಏನೂ ಆಗಲಿಲ್ಲ. ಸುಣ್ಣವಿದ್ದಲ್ಲಿ ನೊರೆ ಬರುತ್ತದೆ, ಇಲ್ಲಿ ಯಾರು ನೆಟ್ಟರೂ ಗಿಡ ಸಾಯುತ್ತದೆ ಎಂದೆ.

ಮಾದಪ್ಪ ಹೆಂಡತಿಯ ಕಡೆ ತಿರುಗಿದರು. “ಹರಡ್ದೋನು ನಾನು ಕಣಮ್ಮಿ. ಆ ಮಗೀನ ಕೈ ಏನ್ ಮಾಡ್ತು?”

ಗೌರಮ್ಮ ಒಳಗೆ ಹೋದರು. ಭಾಗ್ಯಳಿಗೆ ನೆಮ್ಮದಿಯಾಯಿತು ಎಂದುಕೊಂಡೆ. ಅವಳು ಪಾತಿಯ ಪಕ್ಕ ಕುಕ್ಕರಿಸಿ ಅಳುತ್ತಿದ್ದಳು.

“ಗಿಡ ಯಾಕ್ ಸತ್ತೋ ಗೊತ್ತಾಯ್ತು ಮೇಡಂ. ನನ್ ಮಕ್ಳು ಯಾಕ್ ಹೋದೋ?”

ಅದಕ್ಕೂ ಪರೀಕ್ಷೆಗಳಿವೆ ಎಂದಷ್ಟೇ ಹೇಳಿದೆ. ತವರಿಗೆ ಬಿಡಬೇಕಿದ್ದ ಸೋಮವಾರ ರಜೆ ಹಾಕಿ ಅವಳನ್ನು ತಿ. ನರಸೀಪುರದ ಆಸ್ಪತ್ರೆಗೆ ಕರೆದೊಯ್ದೆ. ಮಾದಪ್ಪ ಜೊತೆಗೆ ಬಂದರು, ಗೌರಮ್ಮ ಬರಲಿಲ್ಲ.

ಗಾರೆ ಬೆರೆತ ಮೇಲ್ಮಣ್ಣು ತೆಗೆಸಿ, ಬೇರೆ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದೆವು. ಮೊದಲು ದಂಟಿನ ಸೊಪ್ಪು ಬಂತು, ಬಹಳ ತಡವಾಗಿ ಬದನೆ. ನನಗೆ ವರ್ಗವಾದಾಗ ಭಾಗ್ಯಳ ಚಿಕಿತ್ಸೆ ಇನ್ನೂ ನಡೆದಿತ್ತು. ಗೌರಮ್ಮ ತಪ್ಪಾಯಿತು ಎಂದದ್ದನ್ನು ನಾನಂತೂ ಕೇಳಲಿಲ್ಲ.

ಪಿಎಚ್ ಎಷ್ಟೆಂದು ಬರೆದು ಕೈಗಿತ್ತರೆ ನನ್ನ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಆಮೇಲೆ ಮಣ್ಣು ಹಿಡಿದು ಬಂದವರನ್ನೆಲ್ಲ ಒಂದು ಮಾತು ಕೇಳುವುದು ರೂಢಿಯಾಯಿತು: ಬೆಳೆ ಹೋದಾಗ ಮನೆಯಲ್ಲಿ ಯಾರನ್ನು ಬೈದರು?